ಆಕಾಶದಿಂದ ಕಾಣುವ ಹೊಗೆಯೂ ನಮ್ಮ ಬೇಣದ ಬೆಂಕಿಯೂ



ಕಳೆದ ಬೇಸಿಗೆಯಲ್ಲಿ, ಹೂಮಳೆಗಾಗಿ ಎಲ್ಲರೂ ಮುಗಿಲು ನೋಡುತ್ತ ಕುಳಿತಿದ್ದ ದಿನಗಳಲ್ಲಿ, ನಮ್ಮ ಊರುಗಳ ಮೇಲೆ ಮೂರು ದಿನ ಮಬ್ಬು ಕವಿದುಕೊಂಡದ್ದು ತಮಗೆ ನೆನಪಿರಬಹುದು. ಎದುರಿನ ಗುಡ್ಡ ಕಾಣುತ್ತಿರಲಿಲ್ಲ. ಸಂಜೆಯ ಸೂರ್ಯ ಹೊತ್ತಿಗೆ ಮುಂಚೆಯೇ ತಾಮ್ರದ ತಟ್ಟೆಯಂತಾಗುತ್ತಿದ್ದ. ಸಂಘದ ಗೊಬ್ಬರದ ಡಿಪೋ ಜಗಲಿಯಲ್ಲಿ ಸೇರಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಈ ವಿಷಯವಾಗಿ ಮೂರು ಪಕ್ಷಗಳಾದವು. ಮಳೆಯ ಮೋಡ ಕಟ್ಟುತ್ತಿದೆ, ಸ್ಪ್ರಿಂಕ್ಲರ್ ಎಬ್ಬಿಸುವ ಖರ್ಚು ಉಳಿಯಿತು ಎಂದು ಒಂದು ಪಕ್ಷ. ಕಾಡಿಗೆ ಬೆಂಕಿ ಬಿದ್ದಿದೆ ಎಂದು ಇನ್ನೊಂದು. ಮೂರನೆಯ ಪಕ್ಷದಲ್ಲಿ ಇದ್ದವರು ಒಬ್ಬರೇ, ನಮ್ಮ ಹಿರಿಯ ನಿರ್ದೇಶಕರು. ಇದು ಅರಬಸ್ಥಾನದಿಂದ ಸಮುದ್ರ ದಾಟಿ ಬಂದ ಧೂಳು ಎಂದು ಅವರು ಹೇಳಿದಾಗ ಎಲ್ಲರೂ ನಕ್ಕರು.

ನಗುವಂಥ ಮಾತು ಅದಲ್ಲ. 2022ರ ಜನವರಿ ಕೊನೆಯ ವಾರದ ಹೊತ್ತಿಗೆ ಪಾಕಿಸ್ತಾನದ ಕಡೆಯಿಂದ ಎದ್ದ ಧೂಳು ಅರಬ್ಬೀ ಸಮುದ್ರದ ಮೇಲೆ ಹಾದು ಗುಜರಾತನ್ನೂ ಮುಂಬಯಿಯನ್ನೂ ಮುಟ್ಟಿತ್ತು. ನಿಲ್ಲಿಸಿದ್ದ ವಾಹನಗಳ ಮೇಲೆ ಹಿಟ್ಟು ಚೆಲ್ಲಿದಂತೆ ಧೂಳು ಕೂತಿತ್ತು. ಉಪಗ್ರಹದ ಚಿತ್ರದಲ್ಲಿ ಅದು ಸಮುದ್ರದ ಕಡುನೀಲಿಯ ಮೇಲೆ ಕಂದು ಬಣ್ಣದ ಉದ್ದ ಪಟ್ಟಿಯಾಗಿ ಸ್ಪಷ್ಟವಾಗಿ ಕಂಡಿತ್ತು. ಆದುದರಿಂದ ನಮ್ಮ ನಿರ್ದೇಶಕರ ಊಹೆ ಅಸಾಧ್ಯವಾದದ್ದೇನೂ ಅಲ್ಲ. ಆದರೆ ಆ ದಿನದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ನೋಡಿದಾಗ ಸಮುದ್ರದಿಂದ ನಮ್ಮತ್ತ ಬರುವ ಕಂದು ಪಟ್ಟಿ ಇರಲಿಲ್ಲ. ಘಟ್ಟದ ಸಾಲಿನಲ್ಲೇ ನಾಲ್ಕಾರು ಕಡೆ ನೀಲಿ ಮಿಶ್ರಿತ ಬೂದು ಎಳೆಗಳು ಎದ್ದು ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಒರಗಿಕೊಂಡಿದ್ದವು. ಎಳೆಯ ಬುಡ ಎಲ್ಲಿದೆಯೋ ಅಲ್ಲಿ ಬೆಂಕಿ. ಮೋಡವೂ ಅಲ್ಲ, ಧೂಳೂ ಅಲ್ಲ, ನಮ್ಮದೇ ಗುಡ್ಡಗಳ ಹೊಗೆ.

ಅಲ್ಲಿಗೆ ಮಾತು ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮರುದಿನ ಊರ ಮೇಲಿನ ಬೇಣಕ್ಕೆ ಬಿದ್ದ ಬೆಂಕಿ ತೋಟದ ಅಂಚಿಗೆ ಇಳಿದು ಐವರು ಸದಸ್ಯರ ನೀರಿನ ಪೈಪುಗಳನ್ನೂ, ಸಿಲ್ವರ್ ಓಕಿಗೆ ಹಬ್ಬಿಸಿದ್ದ ಮೆಣಸಿನ ಬಳ್ಳಿಗಳನ್ನೂ, ಒಂದು ಸಾಲು ಕಾಫಿ ಗಿಡಗಳನ್ನೂ ಸುಟ್ಟಿತು. ಅಂದು ಸಂಜೆ ಯುವಕರೊಬ್ಬರು ಮೊಬೈಲಿನಲ್ಲಿ ಒಂದು ನಕ್ಷೆ ತಂದು ತೋರಿಸಿದರು. ಉಪಗ್ರಹ ಗುರುತಿಸಿದ ಬೆಂಕಿಯ ಕೆಂಪು ಚುಕ್ಕೆ ಅದರಲ್ಲಿತ್ತು. ಆ ಚುಕ್ಕೆ ಸರಿಯಾಗಿ ನಮ್ಮ ಸದಸ್ಯೆಯೊಬ್ಬರ ಎರಡೂವರೆ ಎಕರೆಯ ನಡುವೆ ಕೂತಿತ್ತು. ಆಕೆ ಎಪ್ಪತ್ತರ ಹತ್ತಿರದವರು, ಗಂಡ ತೀರಿಕೊಂಡ ಮೇಲೆ ಮೊಮ್ಮಗನೊಂದಿಗೆ ತೋಟ ನೋಡಿಕೊಳ್ಳುತ್ತಿರುವವರು. ದರಗು ಗುಡಿಸಿ ಬೆಂಕಿ ಇಟ್ಟವಳು ಇವಳೇ, ನಷ್ಟ ಕಟ್ಟಿಕೊಡಲಿ ಎಂದು ಜಗಲಿಯಲ್ಲಿ ತೀರ್ಮಾನವಾಗಿಯೇ ಹೋಯಿತು. ಆಕೆ ಬಂದು, "ಅಲ್ಲ ಕಣಪ್ಪ, ನನ್ನ ಮನೇಲಿ ಬೆಂಕಿ ಅಂದ್ರೆ ಬಚ್ಚಲ ಒಲೆ ಒಂದೇ. ಅದನ್ನ ಮೇಲಿಂದ ನೋಡ್ತಾರಾ?" ಎಂದು ಕೇಳಿದರು. ಉತ್ತರ ಕೊಡುವವರು ಯಾರೂ ಇರಲಿಲ್ಲ. ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ವಿಜ್ಞಾನದ ಪದವಿ ಪಡೆದ ನಾನೂ ಆ ಸಂಜೆ ಚುಕ್ಕೆಯನ್ನೇ ನಂಬಿದೆ. ಈ ವರ್ಷದ ಗೊಬ್ಬರದ ಸಾಲದ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದೆ.

ಆ ರಾತ್ರಿ ನಿದ್ದೆ ಬಾರದೆ ಈ ಚುಕ್ಕೆ ಎಂದರೇನು ಎಂದು ಓದಲು ಕುಳಿತೆ. ಓದಿ ತಿಳಿದದ್ದನ್ನು ಸದಸ್ಯರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಮ್ಮ ಮೇಲೆ ಹಾದುಹೋಗುವ ಉಪಗ್ರಹಗಳಲ್ಲಿ ಎರಡು ಬಗೆ. ಒಂದು ಬಗೆಯವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ತಿರುಗುತ್ತ ಒಂದೇ ಜಾಗದಲ್ಲಿ ನಿಂತಂತೆ ಕಾಣುವವು. 2016ರಲ್ಲಿ ಹಾರಿಸಿದ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿಸಿದ ಇನ್ಸಾಟ್-3ಡಿಎಸ್ ಈ ಜಾತಿಯವು. ಹವಾಮಾನದ ವರದಿಯಲ್ಲಿ ನಾವು ನೋಡುವ ಮೋಡದ ಚಿತ್ರ ಇಂಥವುಗಳಿಂದಲೇ ಬರುವುದು. ಒಂದು ಕಡೆ ನಿಂತೇ ಇರುವುದರಿಂದ ದಿನವಿಡೀ, ಮತ್ತೆ ಮತ್ತೆ ಚಿತ್ರ ತೆಗೆಯುತ್ತವೆ. ಧೂಳಿನ ಪಟ್ಟಿ ಬೆಳಿಗ್ಗೆ ಎಲ್ಲಿತ್ತು, ಸಂಜೆಗೆ ಎಲ್ಲಿಗೆ ಬಂತು ಎಂದು ಹೇಳಲು ಇವೇ ಬೇಕು. ಆದರೆ ದೂರ ಬಹಳ. ಶಾಖವನ್ನು ಅಳೆಯುವಾಗ ಇವುಗಳಿಗೆ ಕಾಣುವ ಅತಿ ಚಿಕ್ಕ ಚೌಕವೆಂದರೆ ಹೆಚ್ಚುಕಡಮೆ ನಾಲ್ಕು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 4,000 ಎಕರೆ. ನಮ್ಮ ಬೇಣದ ಬೆಂಕಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಬಗೆಯವು ಏಳೆಂಟು ನೂರು ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವವು. 1999ರ ಡಿಸೆಂಬರಿನಲ್ಲಿ ಹೋದ ಟೆರಾ, 2002ರ ಮೇ ತಿಂಗಳಿನಲ್ಲಿ ಹೋದ ಆಕ್ವಾ, ಇವೆರಡರಲ್ಲಿ ಮೋಡಿಸ್ ಎಂಬ ಉಪಕರಣವಿತ್ತು. ಅದರ ಚೌಕ ಒಂದು ಕಿಲೋಮೀಟರಿನದು. 2011ರಲ್ಲಿ ಹೋದ ಸುವೋಮಿ ಉಪಗ್ರಹದಲ್ಲೂ ಅದರ ನಂತರದವುಗಳಲ್ಲೂ ಇರುವುದು ವಿಯರ್ಸ್ ಎಂಬ ಉಪಕರಣ. ಇದರ ಚೌಕ 375 ಮೀಟರ್. ಡೆಹರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದ ಮೋಡಿಸ್ ಆಧಾರದ ಮೇಲೆ, ಆಮೇಲೆ ವಿಯರ್ಸ್ ಆಧಾರದ ಮೇಲೂ ರಾಜ್ಯಗಳಿಗೆ ಕಾಡಿನ ಬೆಂಕಿಯ ಎಚ್ಚರಿಕೆ ಕಳುಹಿಸುತ್ತ ಬಂದಿದೆ.

ಈ 375 ಮೀಟರನ್ನು ಸದಸ್ಯರು ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಉದ್ದ ಅಗಲ ಗುಣಿಸಿದರೆ 14 ಹೆಕ್ಟೇರು, ಅಂದರೆ 35 ಎಕರೆ. ಅದೂ ಉಪಗ್ರಹ ನೆತ್ತಿಯ ಮೇಲೆ ಹಾದಾಗ. ಓರೆಯಿಂದ ನೋಡಿದಾಗ ಚೌಕ ಇನ್ನೂ ಹಿಗ್ಗುತ್ತದೆ. ನಮ್ಮ ಸಂಘದಲ್ಲಿ ಹೆಚ್ಚಿನವರ ಹಿಡುವಳಿ ಐದು ಎಕರೆಯೊಳಗೆ. ಒಂದು ಚೌಕದಲ್ಲಿ ಏಳೆಂಟು ಮನೆಯ ತೋಟ, ಒಂದು ತುಂಡು ಬೇಣ, ಒಂದು ರಸ್ತೆಯ ತಿರುವು ಎಲ್ಲವೂ ಸೇರಿಹೋಗುತ್ತವೆ. ಇಡೀ ಚೌಕ ಉರಿಯಬೇಕೆಂದೂ ಇಲ್ಲ. ಉರಿಯುವ ವಸ್ತು ಹೊರಡಿಸುವ ಒಂದು ಬಗೆಯ ಕಣ್ಣಿಗೆ ಕಾಣದ ಕಿರಣವನ್ನು ಈ ಉಪಕರಣ ಹಿಡಿಯುತ್ತದೆ. ಆ ಕಿರಣ ಎಷ್ಟು ಪ್ರಬಲವೆಂದರೆ ಚೌಕದ ಒಂದು ಮೂಲೆಯಲ್ಲಿ ಚಿಕ್ಕ ಜಾಗ ಉರಿದರೂ ಸುತ್ತಲಿನ ಚೌಕಗಳಿಗಿಂತ ಅದು ಬೇರೆಯಾಗಿ ಎದ್ದು ಕಾಣುತ್ತದೆ. ಇನ್ನು ಮುಖ್ಯವಾದ ಮಾತು: ನಕ್ಷೆಯಲ್ಲಿ ಚುಕ್ಕೆ ಇಡುವುದು ಬೆಂಕಿ ಇರುವ ಮೂಲೆಯಲ್ಲಲ್ಲ, ಚೌಕದ ನಡುಮಧ್ಯದಲ್ಲಿ. ಆ ತಾಯಿಯ ತೋಟ ಮಾಡಿದ ತಪ್ಪು ಇಷ್ಟೇ, ಅದು ಚೌಕದ ನಡುವೆ ಇತ್ತು.

ಬೆಳಿಗ್ಗೆ ನಾವು ನಾಲ್ವರು ಸುಟ್ಟ ಜಾಗವನ್ನು ನಡೆದೇ ನೋಡಿದೆವು. ಕರಿ ಗುರುತು ಮೇಲಿನಿಂದ ಕೆಳಗೆ ಬಂದಿತ್ತು, ಆಕೆಯ ಬೇಲಿಯನ್ನು ಮುಟ್ಟಿರಲೇ ಇಲ್ಲ. ಬೆಂಕಿ ಶುರುವಾದದ್ದು ರಸ್ತೆಯ ತಿರುವಿನ ಒಣ ಹುಲ್ಲಿನಲ್ಲಿ. ಯಾರು ಹಚ್ಚಿದರೋ, ಬೀಡಿಯ ತುಂಡೋ, ಇಂದಿಗೂ ಗೊತ್ತಿಲ್ಲ. ಸಾಲದ ಪಟ್ಟಿಯ ಪ್ರಶ್ನಾರ್ಥಕವನ್ನು ರಬ್ಬರಿನಿಂದ ಅಳಿಸಿದೆ. ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಕೆ ಕಾಫಿ ಕೊಟ್ಟರು, ಬೇರೇನೂ ಹೇಳಲಿಲ್ಲ.

ಇದು ನಮ್ಮೂರಿನ ಜಗಳವಾಗಿ ಮುಗಿಯಿತು. ಬೇರೆಡೆ ಹಾಗೆ ಮುಗಿಯುತ್ತಿಲ್ಲ. ಪಂಜಾಬಿನಲ್ಲಿ ಭತ್ತದ ಕೂಳೆ ಸುಡುವುದನ್ನು ತಡೆಯಲು ಉಪಗ್ರಹ ಗುರುತಿಸಿದ ಜಾಗಗಳಿಗೆ ಅಧಿಕಾರಿಗಳು ಹೋಗಿ ಪರಿಶೀಲಿಸುತ್ತಾರೆ. ದಂಡ ವಿಧಿಸುತ್ತಾರೆ. 2023 ಮತ್ತು 2024ರಲ್ಲಿ ಎಷ್ಟೋ ರೈತರ ಜಮೀನಿನ ದಾಖಲೆಯಲ್ಲಿ ಕೆಂಪು ನಮೂದು ಬಿದ್ದಿತು. ಜಮೀನಿನ ಮೇಲೆ ಸಾಲ ಎತ್ತಬೇಕೆನ್ನುವವನಿಗೆ ಅದು ಎಂಥ ಕಂಟಕವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೂಳೆ ಸುಡುವುದು ಸರಿ ಎಂದು ನಾನು ವಾದಿಸುತ್ತಿಲ್ಲ, ದೆಹಲಿಯ ಮಕ್ಕಳು ಉಸಿರಾಡುವ ಗಾಳಿ ಅದು. ಆದರೆ ಅಲ್ಲಿ ನಡೆದ ಒಂದು ಸಂಗತಿ ಗಮನಿಸತಕ್ಕದ್ದು. ವಿಯರ್ಸ್ ಇರುವ ಉಪಗ್ರಹಗಳು ಹಾಯುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಮತ್ತು ರಾತ್ರಿ ಒಂದೂವರೆಯ ಸುಮಾರಿಗೆ. 2024ರ ಸುಗ್ಗಿಯಲ್ಲಿ ಚುಕ್ಕೆಗಳ ಸಂಖ್ಯೆ ಬಹಳ ಇಳಿಯಿತು. ಆದರೆ ಹೊಗೆ ಮಾತ್ರ ಇಳಿಯಲಿಲ್ಲ. ಅಮೆರಿಕದ ನಾಸಾದಲ್ಲಿ ಕೆಲಸ ಮಾಡುವ ಹಿರೇನ್ ಜೇಠ್ವಾ ಎಂಬ ವಿಜ್ಞಾನಿ, ದಿನವಿಡೀ ನೋಡುವ ದಕ್ಷಿಣ ಕೊರಿಯಾದ ಉಪಗ್ರಹವೊಂದರ ಚಿತ್ರಗಳನ್ನು ಪರಿಶೀಲಿಸಿ, ಮಧ್ಯಾಹ್ನದ ಉಪಗ್ರಹ ಹಾದುಹೋದ ಮೇಲೆ ಬೆಂಕಿ ಹಚ್ಚುವುದು ಹೆಚ್ಚಾಗಿದೆ ಎಂದು ತೋರಿಸಿದರು. ಬೆಕ್ಕು ಹೋದ ಮೇಲೆ ಇಲಿಯ ಸಂತೆ. ಚುಕ್ಕೆ ಎಣಿಸಿ ದಂಡ ಹಾಕಿದರೆ ಚುಕ್ಕೆ ಕಡಮೆಯಾಗುತ್ತದೆ, ಬೆಂಕಿ ಕಡಮೆಯಾಗಬೇಕೆಂದಿಲ್ಲ. ಹೊಗೆಯನ್ನೂ ಜೊತೆಗಿಟ್ಟು ನೋಡಿದ್ದರಿಂದಲೇ ಆ ಗುಟ್ಟು ಬಯಲಾಯಿತು.

ನನ್ನ ಅಭಿಪ್ರಾಯ ಇಷ್ಟು. ಉಪಗ್ರಹದ ಚಿತ್ರ ಬೆಂಕಿಯ ಬಳಿಗೆ ಬೇಗ ಓಡುವುದಕ್ಕೆ ಒಳ್ಳೆಯ ಸಾಧನ, ಯಾರು ಹಚ್ಚಿದರು ಎಂದು ಹೇಳುವುದಕ್ಕೆ ಅಲ್ಲ. ನಮ್ಮ ಜಿಲ್ಲೆಗಳಲ್ಲೂ ನಾಳೆ ಚುಕ್ಕೆಯನ್ನು ಪಹಣಿಗೆ ಹೊಂದಿಸಿ ನೋಟೀಸು ಕೊಡುವ ಉತ್ಸಾಹ ಯಾರಿಗಾದರೂ ಬರಬಹುದು. ಬರುವ ಮುಂಚೆಯೇ, ಸ್ಥಳಕ್ಕೆ ಬಂದು ಸುಟ್ಟ ಗುರುತು ನೋಡದೆ, ಅಕ್ಕಪಕ್ಕದವರ ಹೇಳಿಕೆ ಪಡೆಯದೆ, ಬರೀ ಚುಕ್ಕೆಯ ಮೇಲೆ ಯಾವ ಬೆಳೆಗಾರನನ್ನೂ ಹೊಣೆ ಮಾಡಕೂಡದೆಂದು ನಮ್ಮ ಸಂಘ ನಿರ್ಣಯ ಮಾಡಿ ಕಳುಹಿಸಬೇಕು. ಈ ನಿಯಮ ಮೊದಲು ನಮ್ಮ ಡಿಪೋದ ಜಗಲಿಗೆ ಅನ್ವಯವಾಗಲಿ.

ಹಾಗಾದರೆ ಇದರ ಉಪದ್ವ್ಯಾಪವೇ ಬೇಡ, ಹೊಗೆ ಕಂಡುಹಿಡಿಯಲು ನಮಗೆ ಮೂಗಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಮೂಗಿಗೆ ಬರುವ ಹೊತ್ತಿಗೆ ಬೆಂಕಿ ಬೇಲಿ ದಾಟಿರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ನಾಲ್ಕೈದು ದಿನ ಉರಿಯಿತು. ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೀಟಿನಲ್ಲಿ ನೀರು ಮೊಗೆದು ಸುರಿಯಬೇಕಾಯಿತು. ಎಷ್ಟು ಕಾಡು ಹೋಯಿತೆಂಬ ಬಗ್ಗೆ ಬಾಯಿಗೊಂದು ಲೆಕ್ಕ ಓಡಾಡುತ್ತಿದ್ದಾಗ, ಉಪಗ್ರಹದ ಚಿತ್ರದಲ್ಲಿ ಸುಟ್ಟ ಕರಿ ನೆಲವನ್ನು ಅಳೆದೇ 10,000 ಎಕರೆಗೂ ಮೇಲೆ ಎಂಬ ಲೆಕ್ಕ ಸಿಕ್ಕಿತು. ಅದಕ್ಕೂ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡಿದ್ದರು. ಸೊಪ್ಪು ಹಿಡಿದು ಬೆಂಕಿ ಬಡಿಯುವ ಮನುಷ್ಯನಿಗೆ, ಗುಡ್ಡದ ಆಚೆ ಮಗ್ಗುಲಲ್ಲಿ ಇನ್ನೊಂದು ಬೆಂಕಿ ಎದ್ದಿದೆ ಎಂದು ಅರ್ಧ ದಿನ ಮುಂಚೆ ತಿಳಿದರೆ ಅದು ಸಣ್ಣ ಉಪಕಾರವಲ್ಲ.

ಹೊಗೆ ಯಾವುದು, ಧೂಳು ಯಾವುದು ಎಂದು ಮೇಲಿನಿಂದ ತಿಳಿಯುವುದು ಹೇಗೆ ಎಂದು ಹಿರಿಯ ನಿರ್ದೇಶಕರು ಕೇಳಿದ್ದರು. ಅವರಿಗೆ ಉತ್ತರ ಬಾಕಿ ಇದೆ. ಹೊಗೆಯ ಕಣ ಬಹಳ ಸಣ್ಣದು, ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಸಾಮಾನ್ಯವಾಗಿ ಚಿಕ್ಕದು. ಅಷ್ಟು ಸಣ್ಣ ಕಣ ನೀಲಿ ಬೆಳಕನ್ನೇ ಹೆಚ್ಚಾಗಿ ಚದುರಿಸುವುದರಿಂದ ತೆಳು ಹೊಗೆ ನೀಲಿಯಾಗಿ ಕಾಣುತ್ತದೆ, ಬಚ್ಚಲ ಮನೆಯ ಹೆಂಚಿನ ಸಂದಿಯಿಂದ ಏಳುವ ಹೊಗೆಯನ್ನು ಬೆಳಗಿನ ಬಿಸಿಲಿನಲ್ಲಿ ನೋಡಿದವರಿಗೆ ಇದು ಹೊಸತಲ್ಲ. ಧೂಳಿನ ಕಣ ಅದಕ್ಕಿಂತ ದಪ್ಪ, ನೀಲಿಯನ್ನು ನುಂಗಿ ಕಂದಾಗಿ ತೋರುತ್ತದೆ. ರಾತ್ರಿ ಬಣ್ಣ ಕಾಣುವುದಿಲ್ಲವಲ್ಲ, ಆಗ ನೆಲದಿಂದ ಏಳುವ ಶಾಖದ ಕಿರಣಗಳನ್ನು ಎರಡು ಬೇರೆ ಬೇರೆ ಅಲೆಗಳಲ್ಲಿ ಅಳೆದು ಕಳೆಯುತ್ತಾರೆ. ಧೂಳು ಅಡ್ಡ ಬಂದರೆ ಉತ್ತರ ಒಂದು ಕಡೆ ವಾಲುತ್ತದೆ, ತೆಳು ಮೋಡ ಬಂದರೆ ಇನ್ನೊಂದು ಕಡೆ. ಹೊಗೆಯ ಸಣ್ಣ ಕಣಗಳನ್ನು ಆ ಕಿರಣ ತೂರಿಕೊಂಡೇ ಬರುತ್ತದೆ. ಹೊಗೆಯ ಅಡಿಯಲ್ಲಿರುವ ಬೆಂಕಿ ಉಪಗ್ರಹಕ್ಕೆ ಕಾಣುವುದು ಈ ಕಾರಣದಿಂದಲೇ.

ಮೇಲಿನಿಂದ ಕಂಡ ಹೊಗೆಯೆಲ್ಲ ನಮ್ಮ ಮೂಗಿನ ಮಟ್ಟದಲ್ಲಿದೆ ಎಂದೂ ತಿಳಿಯಬಾರದು. 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕಾಡಿನ ಹೊಗೆ ಭೂಮಿಯನ್ನೇ ಒಂದು ಸುತ್ತು ಹಾಕಿತು, ಅದು ಹೋದದ್ದು ಬಹು ಎತ್ತರದಲ್ಲಿ. 2023ರ ಜೂನ್‌ನಲ್ಲಿ ಕೆನಡಾದ ಹೊಗೆ ನ್ಯೂಯಾರ್ಕಿನ ಬೀದಿಗೇ ಇಳಿದು ಹಗಲು ಕಿತ್ತಳೆ ಬಣ್ಣವಾಯಿತು. ಮೇಲಿನಿಂದ ತೆಗೆದ ಸಾಧಾರಣ ಚಿತ್ರದಲ್ಲಿ ಈ ಭೇದ ತಿಳಿಯದು. ಎತ್ತರ ಅಳೆಯಲು ಬೆಳಕಿನ ಕಿರಣವನ್ನು ಕೆಳಕ್ಕೆ ಬಿಟ್ಟು ನೋಡುವ ಕ್ಯಾಲಿಪ್ಸೊ ಎಂಬ ಉಪಗ್ರಹವೊಂದು 2006ರಿಂದ 2023ರವರೆಗೆ ಕೆಲಸ ಮಾಡಿತು.

ಧೂಳಿನ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಪಶ್ಚಿಮ ಏಷ್ಯಾದ ಧೂಳು ಅರಬ್ಬೀ ಸಮುದ್ರದ ಮೇಲೆ ಹೆಚ್ಚಾದಾಗ ಗಾಳಿ ಬಿಸಿಯಾಗಿ ತೇವವನ್ನು ಹೆಚ್ಚು ಎಳೆದುಕೊಳ್ಳುತ್ತದೆ, ವಾರದೊಳಗೆ ಮಧ್ಯ ಭಾರತದಲ್ಲಿ ಮುಂಗಾರು ಚುರುಕಾಗುತ್ತದೆ ಎಂದು ವಿ. ವಿನೋಜ್ ಮತ್ತು ಸಂಗಡಿಗರು ಉಪಗ್ರಹದ ಅಳತೆಗಳನ್ನೂ ಗಣಕದ ಲೆಕ್ಕವನ್ನೂ ಹೊಂದಿಸಿ 2014ರಲ್ಲಿ ಪ್ರಕಟಿಸಿದರು. ಮಧ್ಯ ಭಾರತದ ಮಾತು ಅದು, ನಮ್ಮ ಮಲೆನಾಡಿನದಲ್ಲ. ಆದ್ದರಿಂದ ಧೂಳಿನ ಚಿತ್ರ ನೋಡಿ ಬೋರ್ಡೋ ಸಿಂಪರಣೆಯ ದಿನ ಗೊತ್ತು ಮಾಡಬೇಡಿರೆಂದು ಅಡಿಕೆ ಸದಸ್ಯರಲ್ಲಿ ವಿನಂತಿ.

ಈಗ ನಮ್ಮ ಕಡೆಯ ಲೋಪಕ್ಕೆ ಬರೋಣ. ಉಪಗ್ರಹಕ್ಕೆ ಕಾಣದ ಬೆಂಕಿ ಬಹಳಷ್ಟಿದೆ. ಮೋಡ ಮುಚ್ಚಿದ್ದರೆ ಕಾಣದು. ಕಾಫಿ ತೋಟದ ನೆರಳಿನ ಮರಗಳ ಕೆಳಗೆ ತರಗೆಲೆಯಲ್ಲಿ ಹರಿಯುವ ಬೆಂಕಿ ಅನೇಕ ವೇಳೆ ಕಾಣದು. ಕೂಲಿಯವರು ಕೆಲಸ ಬಿಟ್ಟು ಹೋದ ಮೇಲೆ ಸಂಜೆ ನಾಲ್ಕಕ್ಕೆ ಹೊತ್ತಿ ಏಳಕ್ಕೆ ಆರಿದ ಬೆಂಕಿಗೆ ಚುಕ್ಕೆಯೇ ಇಲ್ಲ. ಬಿಸಿಲಿಗೆ ಕಾದ ತಗಡಿನ ಮಾಡೋ ಗೂಡೋ ಕೆಲವೊಮ್ಮೆ ಸುಳ್ಳು ಚುಕ್ಕೆಯನ್ನೂ ಕೊಡುತ್ತದೆ. ಹೀಗಾಗಿ ಚುಕ್ಕೆ ಇಲ್ಲವೆಂದರೆ ಬೆಂಕಿ ಇಲ್ಲವೆಂದು ನೆಮ್ಮದಿಯಾಗಿ ಮಲಗುವಂತಿಲ್ಲ. ಸಂಜೆ ಹೊತ್ತಿನ ಬೆಂಕಿಗೆ ಮನುಷ್ಯನ ಕಣ್ಣೇ ಬೇಕು. ಮತ್ತೆ, ಬೇಸಿಗೆ ಬಂತೆಂದರೆ ದರಗು, ಸೋಗೆ, ಕಸಿ ಮಾಡಿದ ರೆಂಬೆ ಎಲ್ಲ ರಾಶಿ ಹಾಕಿ ಕಡ್ಡಿ ಗೀರುವ ಅಭ್ಯಾಸ ನಮ್ಮಲ್ಲೇ ಹಲವರಿಗಿದೆ. ಗೊಬ್ಬರದ ಚೀಲದ ಬೆಲೆ ಹೆಚ್ಚಾಯಿತೆಂದು ಡಿಪೋದಲ್ಲಿ ನನ್ನೊಡನೆ ವಾದಿಸುವವರೇ ಮನೆಗೆ ಹೋಗಿ ಗೊಬ್ಬರವನ್ನು ಸುಡುತ್ತಾರೆ! ಆ ತಾಯಿಯನ್ನು ಅಂದು ಎಲ್ಲರಿಗಿಂತ ಜೋರಾಗಿ ಬೈದವರ ತೋಟದ ಮೂಲೆಯಲ್ಲಿ ಮೂರು ಬೂದಿಗುಡ್ಡೆಗಳನ್ನು ನಾನೇ ಕಂಡೆ. ಹೆಸರು ಬರೆಯುವುದಿಲ್ಲ, ಅವರು ಈ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು.

ಬರುವ ಆಡಳಿತ ಮಂಡಳಿ ಸಭೆಯಲ್ಲಿ ನಾನು ಇಡುವ ಸಲಹೆ ಸರಳವಾದದ್ದು. ಅರಣ್ಯ ಸಮೀಕ್ಷಾ ಸಂಸ್ಥೆಯ ಎಚ್ಚರಿಕೆಯ ಸಂದೇಶ ಬೇಕೆನ್ನುವವರು ತಮ್ಮ ಮೊಬೈಲ್ ಸಂಖ್ಯೆ ನೋಂದಾಯಿಸಿಕೊಳ್ಳಬಹುದು. ಸಂಘದ ಕಚೇರಿಯ ಸಂಖ್ಯೆಯನ್ನೂ, ಪ್ರತಿ ಊರಿನ ಇಬ್ಬರ ಸಂಖ್ಯೆಯನ್ನೂ ಹಾಗೆ ನೋಂದಾಯಿಸೋಣ. ಸಂದೇಶ ಬಂದೊಡನೆ ಆ ಇಬ್ಬರು ಚುಕ್ಕೆಯ ಸುತ್ತ ಅರ್ಧ ಕಿಲೋಮೀಟರ್ ತಾವೇ ನೋಡಿಬರಬೇಕು, ಬೆಂಕಿ ಇದ್ದರೆ ಊರನ್ನೂ ಅರಣ್ಯ ಇಲಾಖೆಯವರನ್ನೂ ಎಬ್ಬಿಸಬೇಕು, ಇಲ್ಲದಿದ್ದರೆ ಇಲ್ಲವೆಂದು ಬರೆದಿಡಬೇಕು. ಎಲ್ಲಿ, ಎಷ್ಟು ಹೊತ್ತಿಗೆ, ಗಾಳಿ ಯಾವ ಕಡೆಗೆ, ಎಷ್ಟು ಸುಟ್ಟಿತು ಎಂಬುದಕ್ಕೆ ಕಚೇರಿಯಲ್ಲಿ ಒಂದು ಪುಸ್ತಕ ಇಡೋಣ. ಸಂಜೆಯ ಬೆಂಕಿ, ಚುಕ್ಕೆ ಬಾರದ ಬೆಂಕಿ ಕೂಡ ಅದರಲ್ಲಿ ಬರಬೇಕು. ನಾಳೆ ಯಾರಾದರೂ ಚುಕ್ಕೆ ಹಿಡಿದು ನಮ್ಮ ಸದಸ್ಯರ ಬಾಗಿಲಿಗೆ ಬಂದರೆ ಎದುರಿಗೆ ಇಡಲು ನಮ್ಮಲ್ಲೂ ಒಂದು ಬರಹ ಇರುತ್ತದೆ. ಜನವರಿ ಮುಗಿಯುವುದರೊಳಗೆ ಬೇಣದ ಅಂಚಿಗೂ ರಸ್ತೆಯ ಬದಿಗೂ ಹುಲ್ಲು, ಲಂಟಾನ ಕಡಿದು ಬೆಂಕಿ ಗೆರೆ ತೆಗೆಯುವುದು ಇದ್ದೇ ಇದೆ, ಅದಕ್ಕೆ ಉಪಗ್ರಹ ಬೇಕಾಗಿಲ್ಲ. ಇದರ ಆಳಿನ ಖರ್ಚಿನಲ್ಲಿ ಒಂದು ಪಾಲನ್ನು ಸಂಘ ಭರಿಸಬೇಕೆಂಬುದು ನನ್ನ ಅಭಿಪ್ರಾಯ. ಖಜಾಂಚಿಯವರು ಇದಕ್ಕೆ ಒಪ್ಪಿಲ್ಲ, ಅವರ ವಾದವನ್ನು ಸಭೆಯಲ್ಲೇ ಕೇಳೋಣ.

ಊರಿಗೆ ಇಬ್ಬರಂತೆ ಹೆಸರು ಕೊಡುವವರು ಡಿಸೆಂಬರ್ ಕೊನೆಯೊಳಗೆ ಡಿಪೋದಲ್ಲಿಟ್ಟ ಪಟ್ಟಿಯಲ್ಲಿ ಬರೆಸತಕ್ಕದ್ದು. ರಾತ್ರಿ ಎರಡು ಗಂಟೆಗೆ ಸಂದೇಶ ಬಂದರೂ ಟಾರ್ಚು ಹಿಡಿದು ಹೊರಡುವವರೇ ಆಗಬೇಕು. ಇಲ್ಲಿಯವರೆಗೆ ಪಟ್ಟಿಯಲ್ಲಿರುವುದು ಒಂದೇ ಹೆಸರು, ಆ ತಾಯಿಯ ಮೊಮ್ಮಗನದು.

ಕಾರ್ಯದರ್ಶಿ